ಯಂತ್ರದೊಳಗೆ ಇಲಿಗೂಡು

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಜೆರಾಕ್ಸ್ ಯಂತ್ರ, ಪ್ರಿಂಟರ್, ಕಂಪ್ಯೂಟರ್ ರಿಪೇರಿ ನನ್ನ ಕಸುಬು. "ಒಳಗೆ ಒಂದು ಹಾಳೆಯೂ ಸಿಕ್ಕಿಕೊಂಡಿಲ್ಲ, ಆದ್ರೂ ಪೇಪರ್ ಜಾಮ್ ಅಂತ ತೋರಿಸ್ತೈತಿ ನೋಡ್ರಿ" ಅಂತ ಫೋನ್ ಬಂದರೆ, ಸ್ಕ್ರೂಡ್ರೈವರ್ ಜೊತೆಗೆ ಕೈಗವಸು, ಮಾಸ್ಕ್ ಕೂಡ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಹಾಳೆ ದಾಟಿತೋ ಇಲ್ಲವೋ ಎಂದು ನೋಡುವ ಸೆನ್ಸರಿನ ತಂತಿಯನ್ನು ಇಲಿ ಕಡಿದರೂ ಯಂತ್ರ ಇದೇ ಮಾತು ಹೇಳುತ್ತದೆ.

ಹಿಂದಿನ ಮುಚ್ಚಳ ಬಿಚ್ಚಿದರೆ ಮೊದಲು ಬರುವುದು ವಾಸನೆ. ಆಮೇಲೆ ಮೂಲೆಯಲ್ಲಿ ಗೂಡು: ಟ್ರೇಯೊಳಗಿನ ಹಾಳೆಯನ್ನೇ ಎಳೆಎಳೆಯಾಗಿ ಸೀಳಿ ಮಾಡಿದ ಹಾಸಿಗೆ, ನಡುವೆ ಸ್ಪಾಂಜಿನ ಚೂರು, ಅರ್ಧ ತಿಂದ ಮೆಕ್ಕೆಜೋಳದ ಕಾಳು. ಒಮ್ಮೊಮ್ಮೆ ಕಣ್ಣು ಬಿಡದ ಕೆಂಪನೆಯ ಮರಿಗಳೂ ಇರುತ್ತವೆ. ತಂತಿ ಕಡಿದದ್ದು ಸಣ್ಣ ನಷ್ಟ, ಹೊಸದು ಹಾಕಬಹುದು. ದೊಡ್ಡ ನಷ್ಟ ಮೂತ್ರದಿಂದ. ಸರ್ಕ್ಯೂಟ್ ಬೋರ್ಡಿನ ಮೇಲೆ ಅದು ಒಣಗಿ ಹಸಿರು ಕಿಲುಬು ಹಿಡಿದು, ಕೂದಲೆಳೆಯಂಥ ತಾಮ್ರದ ಗೆರೆಗಳನ್ನು ತಿಂದುಬಿಡುತ್ತದೆ. ಆಮೇಲೆ ಬೋರ್ಡನ್ನೇ ಬದಲಿಸಬೇಕಾಗಬಹುದು.

ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಸಲು ಅದು ಏನನ್ನಾದರೂ ಕಡಿಯಲೇಬೇಕು. ರಾತ್ರಿಯೂ ಸ್ವಿಚ್ ಆರಿಸದ ಯಂತ್ರ ಬೆಚ್ಚಗಿರುತ್ತದೆ, ಕತ್ತಲಿರುತ್ತದೆ. ಎಪಿಎಂಸಿ ಕಡೆಯ ಮಂಡಿಗಳಲ್ಲಿ ಭತ್ತ, ಮೆಕ್ಕೆಜೋಳದ ಚೀಲ ಪಕ್ಕದಲ್ಲೇ. ಉಳಿದ ಕಡೆ ಸಂಜೆಯ ಮಂಡಕ್ಕಿ ಮೇಜಿನ ಕೆಳಗೆ ಚೆಲ್ಲಿರುತ್ತದೆ. ತಿಂದ ಜಾಗ ಅಂದೇ ಗುಡಿಸಿ, ಇದೊಂದನ್ನು ಕೈಮುಗಿದು ಕೇಳುತ್ತೇನೆ.

ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದು, ಅಂದರೆ ಸುಮಾರು 6 ಮಿಲಿಮೀಟರ್ ಸಾಕು. ಗೋಡೆಯಲ್ಲಿ ಕೇಬಲ್ ಎಳೆದ ತೂತಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿಸಿ. ಆ ನಾರನ್ನು ಯಂತ್ರದ ಹತ್ತಿರ ಮಾತ್ರ ತರಬೇಡಿ, ಒಂದು ಎಳೆ ಒಳಗೆ ಬಿದ್ದರೂ ಶಾರ್ಟ್ ಆಗಬಹುದು. ಗಾಳಿಯಾಡುವ ಕಿಂಡಿಗಳನ್ನೂ ಮುಚ್ಚಬಾರದು. ಕಂಪ್ಯೂಟರಿನ ಹಿಂದೆ ಕಾರ್ಡ್ ತೆಗೆದ ಖಾಲಿ ಜಾಗವಿದ್ದರೆ ತಗಡಿನ ಪಟ್ಟಿ ಕೂರಿಸಿಕೊಡಲು ರಿಪೇರಿಯವರಿಗೆ ಹೇಳಿ. ವಿಷದ ಗುಳಿಗೆ ನನಗೆ ಒಪ್ಪಿಗೆಯಿಲ್ಲ. ತಿಂದ ಇಲಿ ಯಂತ್ರದೊಳಗೇ ಹೋಗಿ ಸತ್ತರೆ ಹುಡುಕಿ ತೆಗೆಯುವುದು ಬಲು ಕಷ್ಟ. ಬೋನು ಇಡಿ. ಯುಪಿಎಸ್ ಅನ್ನಂತೂ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ಹಿಕ್ಕೆ ಕಂಡರೆ ಒಣಗಿದ್ದನ್ನೇ ಪೊರಕೆಯಿಂದ ಗುಡಿಸಬೇಡಿ, ಧೂಳೆದ್ದು ಮೂಗಿಗೆ ಹೋಗುತ್ತದೆ. ನೆಲದ ಮೇಲಿನದಕ್ಕೆ ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ನೆನೆದ ಮೇಲೆ ಕೈಗವಸು ಹಾಕಿಕೊಂಡು ಒರೆಸಿ. ಇಲಿಯ ಮೂತ್ರದಲ್ಲಿರುವ ರೋಗಾಣು ಕೈಯ ಸಣ್ಣ ಗಾಯದಿಂದಲೂ ಒಳಹೊಕ್ಕು ಇಲಿ ಜ್ವರ ತರಬಹುದು. ನಮ್ಮ ಕಸುಬಿನ ಹುಡುಗರ ಬೆರಳಲ್ಲಿ ತಗಡು ತಾಗಿದ ಗೀರು ಇಲ್ಲದ ದಿನವಿಲ್ಲ, ಅದಕ್ಕೇ ನನಗೆ ಈ ಚಿಂತೆ. ಗೂಡು ತೆಗೆದ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ, ಇಲಿಗೂಡು ಮುಟ್ಟಿದ್ದೆ ಎಂದು ಮೊದಲೇ ಹೇಳಿ. ಬೇಗ ಗೊತ್ತಾದರೆ ಆಂಟಿಬಯೋಟಿಕ್ ಮಾತ್ರೆಗೆ ಬಗ್ಗುವ ಕಾಯಿಲೆ ಅದು.