ಒಂದೇ ತಾಳಕ್ಕೆ ಬಡಿಯದ ಹೃದಯ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಸ್ಮಾರ್ಟ್ ಕೈಗಡಿಯಾರಗಳು ಎಚ್‌ಆರ್‌ವಿ ಎಂದು ತೋರಿಸುವ, ಹೃದಯ ಬಡಿತದ ಏರಿಳಿತದ ಬಗ್ಗೆ.

ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ಕಡೆಗೆ ಇಡಿ. ನಾಡಿ ಸಿಕ್ಕಿತೇ? ಈಗ ನಿಧಾನವಾಗಿ, ತುಂಬಾ ಉಸಿರೆಳೆದುಕೊಳ್ಳಿ. ಅಷ್ಟೇ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ಮಂದವಾಗುತ್ತದೆ. ಎಳೆಯ ವಯಸ್ಸಿನವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ. ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ 1847ರಲ್ಲಿ ನಾಯಿಯ ನಾಡಿಯಲ್ಲಿ ಇದನ್ನು ಗುರುತಿಸಿ, ತಾವೇ ಮಾಡಿದ ಯಂತ್ರದ ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಮೂಡಿಸಿದ್ದರು.

ಯಾಕೆ ಹೀಗೆ? ಹೃದಯದಲ್ಲಿ ಬಡಿತ ಹುಟ್ಟಿಸುವ ಜಾಗಕ್ಕೆ ಸೈನಸ್ ನೋಡ್ ಎನ್ನುತ್ತಾರೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಾವು ಸುಮ್ಮನೆ ಕೂತಾಗ ಅದು 70ರ ಆಸುಪಾಸಿಗೆ ಇಳಿದಿರುವುದು ಮೆದುಳಿನಿಂದ ಇಳಿದುಬರುವ ವೇಗಸ್ ನರ ಹಿಡಿದ ಲಗಾಮಿನಿಂದ. ಉಸಿರೆಳೆದಾಗ ಲಗಾಮು ಕೊಂಚ ಸಡಿಲ, ಬಿಟ್ಟಾಗ ಬಿಗಿ. ಈ ಬಿಗಿ-ಸಡಿಲ ಚೆನ್ನಾಗಿ ನಡೆಯುತ್ತಿದೆಯೇ ಎಂಬುದಕ್ಕೆ ಸಿಗುವ ಸುಳಿವೇ ಎಚ್‌ಆರ್‌ವಿ, ಅಂದರೆ ಹೃದಯ ಬಡಿತದ ಏರಿಳಿತ.

ಹಳೆಯ ಸಕ್ಕರೆ ಕಾಯಿಲೆಯಲ್ಲಿ ಈ ನರ ಸವೆಯಬಹುದು. ಅದನ್ನು ಕಂಡುಹಿಡಿಯುವ ಪರೀಕ್ಷೆ ತೀರಾ ಸರಳ. ರೋಗಿಗೆ ಇಸಿಜಿ ಹಚ್ಚಿ, 5 ಸೆಕೆಂಡ್ ಉಸಿರೆಳೆದುಕೊಳ್ಳಿ, 5 ಸೆಕೆಂಡ್ ಬಿಡಿ ಎನ್ನುತ್ತಾರೆ. ಹೀಗೆ ಒಂದು ನಿಮಿಷ. ಬಡಿತದ ಅತಿ ಹೆಚ್ಚಿನ ವೇಗಕ್ಕೂ ಅತಿ ಕಡಿಮೆ ವೇಗಕ್ಕೂ ನಿಮಿಷಕ್ಕೆ 15 ಬಡಿತ ಅಥವಾ ಹೆಚ್ಚು ವ್ಯತ್ಯಾಸ ಇದ್ದರೆ ಸರಿ. 10ಕ್ಕಿಂತ ಕಡಿಮೆಯಾದರೆ ಅನುಮಾನ. ವಯಸ್ಸಾದಂತೆ ಈ ವ್ಯತ್ಯಾಸ ತಾನಾಗಿಯೇ ತಗ್ಗುತ್ತದೆ, ವೈದ್ಯರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇನ್ನು ಎಚ್‌ಆರ್‌ವಿ ಎಂದು ಗಡಿಯಾರ ತೋರಿಸುವ ಆ ಒಂದು ಸಂಖ್ಯೆ. ಒಂದು ಬಡಿತದಿಂದ ಮುಂದಿನದಕ್ಕೆ 820 ಮಿಲಿಸೆಕೆಂಡ್ ಹಿಡಿಯಿತು ಅನ್ನಿ. ಆಮೇಲೆ 870, ನಂತರ 810, ನಂತರ 850. ನಾಡಿ ಎಣಿಸಿದರೆ ಸುಮಾರು 72, ಏನೂ ವಿಶೇಷ ಕಾಣದು. ಆದರೆ ಅಕ್ಕಪಕ್ಕದ ವ್ಯತ್ಯಾಸಗಳು 50, 60, 40. ಇವನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ ಸುಮಾರು 51 ಮಿಲಿಸೆಕೆಂಡ್. ಇದಕ್ಕೆ ಆರ್‌ಎಂಎಸ್‌ಎಸ್‌ಡಿ ಎಂದು ಹೆಸರು. ನಿಜವಾಗಿ ಅಳೆಯುವಾಗ ನಾಲ್ಕೈದು ಬಡಿತ ಸಾಲದು. 5 ನಿಮಿಷದ ದಾಖಲೆ ಬೇಕು ಎಂದು ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರು 1996ರಲ್ಲಿ ಗೊತ್ತುಮಾಡಿದರು. ಬಡಿತಗಳ ನಡುವಿನ ಅಂತರಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಎಸ್‌ಡಿಎನ್‌ಎನ್ ಎಂಬ ಇನ್ನೊಂದು ಅಳತೆಯೂ ಇದೆ, ಅದನ್ನು ಆಸ್ಪತ್ರೆಗಳಲ್ಲಿ 24 ಗಂಟೆಯ ಇಸಿಜಿಯಿಂದ ತೆಗೆಯುವುದುಂಟು. ಹೃದಯಾಘಾತದಿಂದ ಉಳಿದುಕೊಂಡ 808 ಜನರನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಎಸ್‌ಡಿಎನ್‌ಎನ್ 50 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100ಕ್ಕಿಂತ ಹೆಚ್ಚಿದ್ದವರಿಗಿಂತ ಐದು ಪಟ್ಟು ಮೀರಿತ್ತು. ಹೃದ್ರೋಗ ತಜ್ಞರು ಈ ಅಳತೆಯತ್ತ ಗಂಭೀರವಾಗಿ ನೋಡಲು ಇದೊಂದು ದೊಡ್ಡ ಕಾರಣ.

ಆದರೆ ಆ 50, 100ನ್ನು ನಿಮ್ಮ ಕೈಗಡಿಯಾರದ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ. ಅದು ಇಡೀ ದಿನದ ಲೆಕ್ಕ, ಇದು ಕೆಲವು ನಿಮಿಷದ್ದು. ಕೆಲವು ಗಡಿಯಾರಗಳು ಎಸ್‌ಡಿಎನ್‌ಎನ್ ಕೊಡುತ್ತವೆ, ಕೆಲವು ಆರ್‌ಎಂಎಸ್‌ಎಸ್‌ಡಿ. ಅವು ಸಾಮಾನ್ಯವಾಗಿ ನೋಡುವುದು ಹೃದಯದ ವಿದ್ಯುತ್ತನ್ನಲ್ಲ. ಹಸಿರು ಬೆಳಕು ಚೆಲ್ಲಿ, ಚರ್ಮದಡಿ ರಕ್ತ ಉಬ್ಬಿ ಇಳಿಯುವುದನ್ನು. ಕೈ ಅಲುಗಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ನಿದ್ದೆಯಲ್ಲಿ, ಇಲ್ಲವೇ ಬೆಳಗ್ಗೆ ಎದ್ದ ಕೂಡಲೇ ಕಾಫಿಗೆ ಮುಂಚೆ ಅಳೆದದ್ದೇ ವಾಸಿ. ಗಂಡನ ಅಂಕಿ 30, ಹೆಂಡತಿಯದು 60 ಎಂದು ಮನೆಯಲ್ಲಿ ಪಂದ್ಯ ಕಟ್ಟುವುದರಲ್ಲಿ ಅರ್ಥವಿಲ್ಲ. ನಿಮ್ಮದೇ ಕಳೆದ ಕೆಲವು ವಾರಗಳ ಅಂಕಿಯ ಜೊತೆ ನೋಡಿ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ರಾತ್ರಿ ಮದ್ಯ ಸೇವಿಸಿದ್ದರೆ ಅದು ಕುಸಿಯುವುದು ಸಾಮಾನ್ಯ.

ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೂ ಅಲ್ಲ. ಹೃತ್ಕರ್ಣ ಅಡ್ಡಾದಿಡ್ಡಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಕಾಯಿಲೆಯಲ್ಲಿ ಬಡಿತದ ಅಂತರಗಳು ಲಂಗುಲಗಾಮಿಲ್ಲದೆ ಬದಲಾಗುತ್ತವೆ, ಸಂಖ್ಯೆ ಮೇಲಕ್ಕೆ ಜಿಗಿಯುತ್ತದೆ. ನಡುವೆ ತೂರಿಬರುವ ಅಕಾಲ ಬಡಿತಗಳೂ ಹೀಗೇ ಮೋಸ ಮಾಡುತ್ತವೆ. ದಿನವೂ 40 ಇದ್ದದ್ದು ಏಕಾಏಕಿ 150 ಆಗಿ, ಜೊತೆಗೆ ಎದೆ ಡವಗುಟ್ಟುತ್ತಿದ್ದರೆ ಗಡಿಯಾರ ಬಿಚ್ಚಿಟ್ಟು ಒಂದು ಇಸಿಜಿ ಮಾಡಿಸಿ.

ನಮಸ್ಕಾರ.