ಕಂಪ್ಯೂಟರಿನೊಳಗಿನ ಊರು ಎಷ್ಟು ನಿಜ?

ಕೇಳುಗರೇ, ನಮಸ್ಕಾರ. ನಮ್ಮ ಹುಬ್ಬಳ್ಳಿ-ಧಾರವಾಡವನ್ನು ಯಾರೋ ಕಂಪ್ಯೂಟರಿನಲ್ಲಿ ಕಟ್ಟಿದ್ದಾರೆ ಅಂದುಕೊಳ್ಳಿ. ಅಲ್ಲಿ ಚಿಗರಿ ಬಸ್ಸು ಓಡುತ್ತದೆ. ಹತ್ತುವವರು, ಇಳಿಯುವವರು ಎಲ್ಲರೂ ಲೆಕ್ಕದ ಮನುಷ್ಯರು. ಒಬ್ಬೊಬ್ಬರಿಗೂ ಒಂದೊಂದು ನಿಯಮ. ಟಿಕೆಟ್ ದರ ಏರಿಸಿದರೆ ಎಷ್ಟು ಜನ ಬೈಕ್ ಹತ್ತುತ್ತಾರೆ ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಅದನ್ನು ನಂಬಿ ದರ ಏರಿಸಬಹುದಾ?

‘ಹಳೇ ಅಂಕಿಗೆ ತಾಳೆಯಾಗಿದೆ’ ಎನ್ನುತ್ತಾರೆ ಕಟ್ಟಿದವರು. ಇಷ್ಟಕ್ಕೇ ತಲೆದೂಗಬೇಡಿ. ಅಮೆರಿಕದ ಅರಿಝೋನಾದಲ್ಲಿ ಲಾಂಗ್ ಹೌಸ್ ಕಣಿವೆ ಅಂತ ಇದೆ. ಅಲ್ಲಿ ಮೆಕ್ಕೆಜೋಳ ಬೆಳೆದುಕೊಂಡಿದ್ದ ಜನ ಕ್ರಿ.ಶ. 1300ರ ಸುಮಾರಿಗೆ ಊರು ಬಿಟ್ಟು ಹೋದರು. ಆ ಕಣಿವೆಯ ಒಂದೊಂದು ಮನೆಯನ್ನೂ ಸಂಶೋಧಕ ರಾಬರ್ಟ್ ಆಕ್ಸ್‌ಟೆಲ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಬದುಕಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನಸಂಖ್ಯೆಯ ಏರಿಳಿತ ಬಹುಮಟ್ಟಿಗೆ ಹೊಂದಿತು. ಕೊನೆ ಮಾತ್ರ ಹೊಂದಲಿಲ್ಲ. ಕಂಪ್ಯೂಟರಿನ ಕಣಿವೆಯಲ್ಲಿ ಬರದ ನಡುವೆಯೂ ಒಂದಷ್ಟು ಮನೆಗಳು ಉಳಿದೇಬಿಟ್ಟವು. ಅಂದರೆ ಜನ ಹೋದದ್ದಕ್ಕೆ ಬರ ಒಂದೇ ಕಾರಣವಲ್ಲ. ನನ್ನ ಕೇಳಿದರೆ, ಹೊಂದಿದ್ದಕ್ಕಿಂತ ಈ ತಪ್ಪಿದ ಭಾಗವೇ ಜಾಸ್ತಿ ಕಲಿಸಿತು. 2009ರಲ್ಲಿ ಇನ್ನೊಬ್ಬ ಸಂಶೋಧಕ ಮಾರ್ಕೊ ಯಾನ್ಸೆನ್ ಅದನ್ನೇ ಮತ್ತೆ ಕಟ್ಟಿ ಪರೀಕ್ಷಿಸಿದರು. ಅಂಕಿ ಹೊಂದಲು ಮುಖ್ಯ ಕಾರಣ, ಆ ನೆಲ ಎಷ್ಟು ಜನರನ್ನು ಸಾಕಬಲ್ಲದು ಎಂಬ ಲೆಕ್ಕ. ಮನೆಯವರ ನಡೆಯನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ, ಅದರಿಂದ ತಿಳಿಯುವಂತಿರಲಿಲ್ಲ.

ನಮ್ಮ ಬಸ್ಸಿಗೆ ಬರೋಣ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಐಷಾರಾಮಿ ಅಲ್ಲದ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಅದಕ್ಕೂ ಮುಂಚಿನ ಅಂಕಿಗಳನ್ನಷ್ಟೇ ಮಾಡೆಲ್‌ಗೆ, ಅಂದರೆ ಕಂಪ್ಯೂಟರಿನೊಳಗಿನ ಆ ಊರಿಗೆ ಕೊಡಬೇಕು. ಆಮೇಲಿನದನ್ನು ಮುಚ್ಚಿಟ್ಟು, ಏನಾಗಬಹುದು ಅಂತ ಕೇಳಬೇಕು. ಕೂಲಿಗೆ, ತವರಿಗೆ, ದೇವಸ್ಥಾನಕ್ಕೆ ಹೊರಟ ಅಷ್ಟೊಂದು ಹೆಣ್ಣುಮಕ್ಕಳು ಅದರ ಲೆಕ್ಕಕ್ಕೆ ಸಿಗುತ್ತಾರಾ? ಸಿಕ್ಕರೂ ಅದು ಪುಕ್ಕಟೆ ಬಸ್ಸಿನ ಪರೀಕ್ಷೆ. ದರ ಏರಿಸಿದಾಗ ಜನ ಬೇರೆ ಥರ ನಡೆದುಕೊಂಡಾರು. ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದವರನ್ನು, ಆಟೋದವರನ್ನು ಕೇಳಿಯೇ ನಿಯಮ ಬರೀಬೇಕು ನೋಡ್ರಿ. ಕುರ್ಚಿಯಲ್ಲಿ ಕೂತು ಸುಮ್ನೆ ಬರೆದರೆ ಆಗಲಿಲ್ಲ.

ಈಗೀಗ ಚಾಟ್ ಮಾಡುವ ಎಐಗಳಿಂದಲೇ ಪ್ರಯಾಣಿಕರ ಪಾತ್ರ ಮಾಡಿಸುವುದೂ ಉಂಟು. ಇಲ್ಲಿ ಇನ್ನೊಂದು ತೊಡಕು. ಶಕ್ತಿ ಯೋಜನೆಯ ಸುದ್ದಿಯನ್ನೆಲ್ಲ ಅದು ಮೊದಲೇ ಓದಿರಬಹುದು. ಉತ್ತರಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ, ಅಲ್ವಾ? ಆಗಿಹೋದದ್ದರ ಅಂಕಿ ಮುಚ್ಚಿಟ್ಟು ಉಪಯೋಗವಿಲ್ಲ. ಇನ್ನೂ ನಡೆಯದ್ದನ್ನೇ ಕೇಳಬೇಕು. ಮುಂದಿನ ಸಲ ದರ ಬದಲಾಗುವ ಮೊದಲೇ, ಪ್ರಯಾಣಿಕರು ಎಷ್ಟರಿಂದ ಎಷ್ಟರವರೆಗೆ ಕಡಿಮೆಯಾಗಬಹುದು ಅಂತ ಬರೆಸಿ, ತಾರೀಖು ಹಾಕಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ನಮಸ್ಕಾರ.