ಹೊಸ ಟ್ಯೂಬಾ, ಹಳೆಯ ತುಟಿ

ಕೇಳುಗರೇ, ನಮಸ್ಕಾರ.

ಹೋದ ತಿಂಗಳು ನನ್ನ ಮಡಿಲಿಗೆ ಹೊಸ ಟ್ಯೂಬಾ ಬಂತು. ಟ್ಯೂಬಾ ಅಂದರೆ ತಗ್ಗಿನ ಸ್ವರ ಕೊಡುವ ದೊಡ್ಡ ಹಿತ್ತಾಳೆ ಊದುವಾದ್ಯ. ಪಾಶ್ಚಾತ್ಯ ಸಂಗೀತದ ಸಿ ಶ್ರುತಿಯದು, ಐದು ರೋಟರಿ ವಾಲ್ವ್, ಅಂದರೆ ಒತ್ತಿದಾಗ ತಿರುಗಿ ಗಾಳಿಯನ್ನು ಹೆಚ್ಚುವರಿ ಕೊಳವೆಗೆ ಹರಿಸಿ ಸ್ವರ ಇಳಿಸುವ ಕೀಲಿಗಳು. ಸುತ್ತಿಟ್ಟ ಕೊಳವೆಯನ್ನು ನೇರ ಮಾಡಿದರೆ ಸುಮಾರು 16 ಅಡಿ ಉದ್ದ. 20 ವರ್ಷದಿಂದ ಊದುತ್ತಿದ್ದೇನೆ, ಒಂದೇ ಸಂಜೆಯಲ್ಲಿ ಇದರ ಗುಣ ಹೇಳಿಬಿಡಬಹುದು ಅಂದುಕೊಂಡಿದ್ದೆ. ಆಗಲಿಲ್ಲ.

ಯಾಕೆ ಅಂದರೆ, ಪಳಗಿದ ತುಟಿ ವಾದ್ಯದ ತಪ್ಪನ್ನು ಮುಚ್ಚಿಬಿಡುತ್ತದೆ. ಸ್ವರ ಸ್ವಲ್ಪ ಇಳಿದರೂ ಸಾಕು, ಕಿವಿಗೆ ಗೊತ್ತಾಗುವ ಮೊದಲೇ ತುಟಿ ಅದನ್ನು ಎತ್ತಿ ಹಿಡಿದಿರುತ್ತದೆ. ಹೊಸಬರು ಊದಿದರೆ ಬಯಲಾಗುವ ದೋಷ ನಮ್ಮ ಕೈಯಲ್ಲಿ ಅಡಗಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆ ನುಡಿಸಿದ ಮೇಲೆ ತುಟಿ ಸುಮ್ನೆ ಸುಸ್ತಾಗುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಅದಕ್ಕೇ ನಾನು ಕಣ್ಣು ಮುಚ್ಚಿಕೊಂಡು ಊದಿದೆ. ತುಟಿ ಸಡಿಲ, ಉಸಿರು ಆರಾಮ. ಸ್ವರ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿಗೆ ಬಿಟ್ಟು, ಐದು ಸೆಕೆಂಡ್ ಆದ ಮೇಲೆ ಶ್ರುತಿ ಅಳೆಯುವ ಟ್ಯೂನರ್ ನೋಡಿದೆ. ಯಾವ ವಾಲ್ವನ್ನೂ ಒತ್ತದೆ ಬರುವ ಮೇಲಿನ ಇ ಸ್ವರ ಸುಮಾರು 20 ಸೆಂಟ್ ಇಳಿದಿತ್ತು. ನೂರು ಸೆಂಟ್ ಅಂದರೆ ಅರ್ಧ ಸ್ವರ, ಅಲ್ವಾ? ಇಳಿದ ಆ 20ರಲ್ಲಿ 14 ಸೆಂಟ್ ಕೊಳವೆಯ ಸಹಜ ಗುಣ. ಆ ಇ ಐದನೆಯ ಹಾರ್ಮೋನಿಕ್, ಅಂದರೆ ಒಂದೇ ಕೊಳವೆಯಲ್ಲಿ ತಾನಾಗಿ ಹುಟ್ಟುವ ಸ್ವರಗಳ ಸಾಲಿನಲ್ಲಿ ಐದನೆಯದು, ಎಲ್ಲ ಹಿತ್ತಾಳೆ ವಾದ್ಯಗಳಲ್ಲೂ ಇಳಿಯುವಂಥದ್ದು. ಒಂದು ಮತ್ತು ಎರಡನೆಯ ವಾಲ್ವ್ ಒತ್ತಿ ಅದೇ ಇ ಊದಿದೆ. ಮುಳ್ಳು ನೇರ ನಿಂತಿತು. ಹಾಗಾಗಿ ಅದನ್ನು ದೋಷ ಅಂತ ಬರೆದುಕೊಳ್ಳಲಿಲ್ಲ.

ಕೆಳಗಿನ ಜಿ ಬೇರೆ ಥರ. ಒಂದು-ಮೂರು ವಾಲ್ವ್ ಒಟ್ಟಿಗೆ ಒತ್ತಿದರೆ ಸ್ವರ ಏರುತ್ತದೆ. ಪ್ರತಿ ವಾಲ್ವಿನ ಕೊಳವೆಯನ್ನೂ ಅದೊಂದನ್ನೇ ಒತ್ತುವಾಗಿನ ಲೆಕ್ಕಕ್ಕೆ ಕತ್ತರಿಸಿರುತ್ತಾರೆ. ಒಂದರ ಜೊತೆ ಇನ್ನೊಂದು ಸೇರಿದಾಗ ಆ ಉದ್ದ ಸಾಲುವುದಿಲ್ಲ. ನಾಲ್ಕನೆಯದು ಒಂದೇ ಒತ್ತಿದರೆ ಜಿ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಕೆಳಗೆ ಇಳಿದಾಗ ಐದನೆಯದು ಕೈ ಹಿಡಿಯುತ್ತದೆ. ಅಂದಹಾಗೆ, 1835ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ ಬ್ಯಾಂಡ್ ನಾಯಕ ವೀಪ್ರೆಕ್ಟ್ ಮತ್ತು ವಾದ್ಯ ತಯಾರಕ ಮೋರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾಕ್ಕೂ ಐದೇ ವಾಲ್ವ್ ಇದ್ದವು.

ಗಾಳಿ ಸೋರುತ್ತದೆಯಾ ಅಂತಲೂ ನೋಡಬೇಕು. ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಹೊರಗೆ ಜಾರಿಸಬಹುದಾದ ಕೊಳವೆಯನ್ನು, ಸ್ವಲ್ಪ ಎಳೆದು, ಕೆಲವು ಕ್ಷಣ ಬಿಟ್ಟು ವಾಲ್ವ್ ಒತ್ತಿ. ಒಳಗೆ ಬಿಗಿ ಇದ್ದರೆ ‘ಪಟ್’ ಅನ್ನುತ್ತದೆ. ನನ್ನ ಮೂರನೆಯ ವಾಲ್ವ್ ಮೂಕವಾಗಿತ್ತು. ಎದೆ ಧಸಕ್ ಅಂತು. ಎಣ್ಣೆ ಬಿಟ್ಟು, ಹತ್ತು ಸಲ ಆಡಿಸಿ ಮತ್ತೆ ಎಳೆದೆ. ‘ಪಟ್’! ಆ ಸದ್ದು ಕೇಳಿ ಆದ ಖುಷಿ ಇನ್ನೂ ನೆನಪಿದೆ.

ನಾದ ಹೇಗಿದೆ ಅಂತ ಮಾತ್ರ ನಾನೇ ತೀರ್ಮಾನಿಸಲಿಲ್ಲ. ಟ್ಯೂಬಾದ ಬಾಯಿ ನಮ್ಮ ತಲೆಯ ಮೇಲೆ ತೆರೆದಿರುತ್ತದೆ, ದೂರದಲ್ಲಿ ಕೂತವರಿಗೆ ಕೇಳುವುದೇ ಬೇರೆ. ಗೆಳೆಯನನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರಿಸಿ, ಯಾವುದು ಯಾವುದು ಅಂತ ಹೇಳದೆ ಹಳೆಯದನ್ನೂ ಹೊಸದನ್ನೂ ನುಡಿಸಿದೆ. ನನಗೆ ಹಳೆಯದೇ ಜಾಸ್ತಿ ತುಂಬಿಕೊಂಡಂತೆ ಕೇಳುತ್ತಿತ್ತು. ಅವನು ಹೊಸದನ್ನೇ ಆರಿಸಿದ. ‘ಇದರಲ್ಲಿ ಪ್ರತಿ ಸ್ವರದ ಶುರು ಗೊತ್ತಾಗುತ್ತದೆ’ ಅಂದ.

ಮುಂದಿನ ವಾರ ಬ್ಯಾಂಡ್ ಜೊತೆ ಮೊದಲ ಅಭ್ಯಾಸ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಆ ಇ ಸ್ವರಕ್ಕೆ ಬೆರಳು ಪಳಗಿಸುತ್ತಿದ್ದೇನೆ.